ತೊಡೆಯ ಮೇಲಿನ ತಂಬೂರಿ

ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಬೂದುಬಣ್ಣದ ಬೆಕ್ಕು ಚಿನ್ನಿ ನನ್ನ ತೊಡೆ ಏರುತ್ತದೆ. ಏರಿದ ಕೂಡಲೇ ಮಲಗುವ ಜಾತಿಯಲ್ಲ. ಹಿಟ್ಟು ನಾದುವವರ ಹಾಗೆ ಮುಂಗಾಲುಗಳಿಂದ ನನ್ನ ಪಂಚೆಯನ್ನು ಮೆಲ್ಲಗೆ ಒತ್ತುತ್ತದೆ, ನಿಂತಲ್ಲೇ ಒಂದು ಸುತ್ತು ಬರುತ್ತದೆ, ಬಾಲವನ್ನು ಮೂಗಿನ ತನಕ ತಂದುಕೊಂಡು ಚಕ್ಕುಲಿಯಂತೆ ಸುರುಳಿಯಾಗುತ್ತದೆ. ಆಮೇಲೆ ಒಂದು ಗಳಿಗೆ ಮೌನ. ಗವಾಯಿಯ ಬೆರಳು ತಂಬೂರಿಯ ತಂತಿಗೆ ಇನ್ನೇನು ತಾಗಬೇಕು ಎನ್ನುವಾಗಿನ ಮೌನ ಅದು. ಬಳಿಕ, ಎಲ್ಲೋ ಆಳದಿಂದ, ಗುರುಗುರು... ಗುರುಗುರು... ಕಿವಿಗೆ ಕೇಳುವ ಮೊದಲೇ ತೊಡೆಗೆ ತಿಳಿಯುತ್ತದೆ.

"ರಾಗಿ ಬೀಸೋಕೆ ಕೂತ್ಲು ನೋಡು" ಎನ್ನುತ್ತಿದ್ದರು ನಮ್ಮಜ್ಜಿ, ಆಗಿನ ಬೆಕ್ಕನ್ನು ಮಡಿಲಿಗೆಳೆದುಕೊಂಡು. ಎಂಥ ಹದವಾದ ಮಾತು! ಬೀಸುವ ಕಲ್ಲು ಒಂದೇ ಲಯದಲ್ಲಿ ತಿರುಗುವಾಗ ಹೊರಡುವ, ನುಣುಪೂ ಒರಟೂ ಬೆರೆತ, ಬೆಚ್ಚನೆಯ ಸದ್ದೇ ಇದು.

ಬೆನ್ನಿಗೆ ಕಿವಿಯಾನಿಸಿದರೆ ಇದರ ಕುಸುರಿ ಕಾಣುತ್ತದೆ. ಎಂಥ ಗಾಯಕನೂ ಉಸಿರೆಳೆಯಲು ಹಾಡು ನಿಲ್ಲಿಸಲೇಬೇಕು. ಬೆಕ್ಕು ಉಸಿರು ಬಿಡುವಾಗಲೂ ಹಾಡುತ್ತದೆ, ಎಳೆಯುವಾಗಲೂ ಹಾಡುತ್ತದೆ. ಎರಡರ ನಡುವಿನ ತಿರುವಿನಲ್ಲಿ ಮಾತ್ರ ಕೂದಲೆಳೆಯಷ್ಟು ಬಿಡುವು. ನಮ್ಮ ಬಂಡೀಪುರದ ಹುಲಿಗೂ ಈ ವಿದ್ಯೆ ಒಲಿದಿಲ್ಲ. ಅದು ಗರ್ಜಿಸಬಲ್ಲದು, ಹೀಗೆ ಗುರುಗುಡಲಾರದು. ಗರ್ಜಿಸಲು ಬಾರದ ಚೀತಾಕ್ಕೆ ಗುರುಗುಡುವುದು ಬರುತ್ತದೆ.

ಶ್ರುತಿಯಂತೂ ಪಾತಾಳದ್ದು. ಸೆಕೆಂಡಿಗೆ ಸುಮಾರು 25ರಿಂದ 30 ಕಂಪನ. ಪಿಯಾನೋದ ಎಡತುದಿಯ ಕಟ್ಟಕಡೆಯ ಮನೆಯ ಸ್ವರ 27.5. ಅಷ್ಟು ದೊಡ್ಡ ವಾದ್ಯ ಉದ್ದನೆಯ ದಪ್ಪ ತಂತಿಯಿಂದ ಹೊರಡಿಸುವ ಸ್ವರವನ್ನು ನಾಲ್ಕು ಕಿಲೋ ತೂಕದ ಈ ಜೀವ ಬೆರಳಗಲದ ಗಂಟಲಿನಿಂದ ತೆಗೆಯುತ್ತದೆ. ಹೇಗೆ? 2023ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಕ್ರಿಸ್ಟಿಯನ್ ಹರ್ಬ್ಸ್ಟ್ ಮತ್ತು ಸಂಗಡಿಗರು, ಕಾಯಿಲೆಯಿಂದ ಉಳಿಯಲಾರದೆ ಹೋದ ಎಂಟು ಬೆಕ್ಕುಗಳ ಧ್ವನಿಪೆಟ್ಟಿಗೆಗಳ ಮೂಲಕ ಬೆಚ್ಚನೆಯ ತೇವದ ಗಾಳಿ ಹಾಯಿಸಿದರು. ಮಿದುಳಿನ ಅಪ್ಪಣೆಯಿಲ್ಲದೆ, ಬರೀ ಗಾಳಿಗೇ ಅದೇ ತಗ್ಗುಸ್ವರ ಹೊರಟಿತು! ಬದುಕಿರುವ ಬೆಕ್ಕು ಇದಕ್ಕೆ ಸ್ನಾಯುಗಳ ಬಲವನ್ನೂ ಬೆರೆಸುತ್ತಿರಬಹುದು. ಆದರೆ ಸ್ವರತಂತುಗಳ ಒಳಗೆ ಹುದುಗಿರುವ, ನಾಲ್ಕು ಮಿಲಿಮೀಟರಿನಷ್ಟು ದಪ್ಪಗಾಗಬಲ್ಲ ಪುಟ್ಟ ಮೆತ್ತೆಗಳೇ ಸ್ವರವನ್ನು ಅಷ್ಟು ಕೆಳಗಿಳಿಸುತ್ತವೆ ಎಂಬುದು ಅವರ ಅಂದಾಜು. ಓದಿದಾಗ ನನಗೆ ನೆನಪಾದದ್ದು ಮೃದಂಗ. ಕಛೇರಿಗೆ ಮುಂಚೆ ಎಡಮುಖದ ತೊಪ್ಪಿಗೆ ರವೆ ಕಲಸಿ ಮೆತ್ತುತ್ತಾರಲ್ಲ, ಆ ಒಂದು ಹಿಡಿ ಭಾರಕ್ಕೆ ತೊಗಲು ನಿಧಾನವಾಗಿ ಕಂಪಿಸಿ ತುಂಬಿದ ಗುಂಕಾರ ಕೊಡುತ್ತದೆ. ಬೆಕ್ಕಿನ ಗಂಟಲಿಗೆ ಆ ರವೆಯನ್ನು ಹುಟ್ಟುವಾಗಲೇ ಮೆತ್ತಿ ಕಳಿಸಲಾಗಿದೆ.

ಇಷ್ಟು ಸೊಗಸಾದ ವಾದ್ಯ ಯಾಕಾಗಿ? ಸುಖಕ್ಕೆ ಎನ್ನುತ್ತೇವೆ. ಸುಖದ್ದು ಒಂದು ರಾಗ ಮಾತ್ರ. ಉಳಿದವುಗಳಲ್ಲಿ ಮೊದಲನೆಯದು ತೊಟ್ಟಿಲ ರಾಗ. ಹೋದ ಮಳೆಗಾಲ ಚಿನ್ನಿ ಅಟ್ಟದ ಗೋಣಿಚೀಲದ ಮೇಲೆ ಮೂರು ಮರಿ ಹಾಕಿತ್ತು. ಆಗ ಮರಿಗಳ ಕಣ್ಣು ತೆರೆದಿರುವುದಿಲ್ಲ, ಕಿವಿಯೂ ತೆರೆದಿರುವುದಿಲ್ಲ. ಅಮ್ಮ ಇಲ್ಲಿದ್ದಾಳೆ ಎಂದು ಮೈಗೆ ತಾಗುವ ಆ ನಡುಕವೇ ಹೇಳಬೇಕು. ಕೆಲವೇ ದಿನಗಳಲ್ಲಿ ಮರಿಗಳೂ ಉತ್ತರ ಕೊಡತೊಡಗಿದವು. ಮಿಯಾಂವ್ ಎನ್ನಲು ಮೊಲೆ ಬಿಡಬೇಕು, ಗುರುಗುಡಲು ಬಿಡಬೇಕಿಲ್ಲ. ಹಾಲು ಕುಡಿಯುತ್ತಲೇ "ನಾನಿದ್ದೇನೆ, ಚೆನ್ನಾಗಿದ್ದೇನೆ" ಎನ್ನಬಹುದು. ಒಂದು ಮರಿಯ ಬೆನ್ನ ಮೇಲೆ ಬೆರಳಿಟ್ಟೆ. ಮುಷ್ಟಿಯಲ್ಲಿ ಹಿಡಿದ ದುಂಬಿಯ ರೆಕ್ಕೆಯಷ್ಟು ಸಣ್ಣಗೆ, ಅಷ್ಟೇ ಬಿರುಸಾಗಿ, ಅದು ಮಿಡಿಯುತ್ತಿತ್ತು.

ಎರಡನೆಯದು ಬೇಡಿಕೆಯ ರಾಗ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಬಂದ ಸದ್ದಾದೊಡನೆ ಚಿನ್ನಿಯ ಗುರುಗುಟ್ಟುವಿಕೆಯಲ್ಲಿ ಒಂದು ತೆಳುವಾದ ಎಳೆ ಮೇಲೇಳುತ್ತದೆ. ಮುಸುಕು ಹೊದ್ದರೂ ಬಿಡುವುದಿಲ್ಲ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರೆನ್ ಮೆಕ್‌ಕಾಂಬ್ ಅವರನ್ನೂ ಅವರ ಬೆಕ್ಕು ಹೀಗೇ ಎಬ್ಬಿಸುತ್ತಿತ್ತು. ಅದರ ಜಾಡು ಹಿಡಿದ ಅವರ ತಂಡ, ಆ ತಗ್ಗು ಶ್ರುತಿಯೊಳಗೆ ಸುಮಾರು 380 ಹರ್ಟ್ಸ್‌ನ ಕೂಗೊಂದು ಅಡಗಿದೆ ಎಂದು 2009ರಲ್ಲಿ ತೋರಿಸಿತು. ಹಸುಗೂಸಿನ ಅಳುವಿನ ಎತ್ತರವೂ ಹೆಚ್ಚುಕಡಿಮೆ ಅದೇ. ನಾವು ಎದ್ದೇ ಏಳುತ್ತೇವೆ.

ಮೂರನೆಯದನ್ನು ಕೇಳಿದ್ದು ಒಂದೇ ಸಲ. ಚಿನ್ನಿಯ ತಾಯಿ ಹಲಸಿನ ಮರದಿಂದ ಬಿದ್ದು ಹಿಂಗಾಲು ಮುರಿದುಕೊಂಡ ರಾತ್ರಿ, ಮೂಲೆಯಲ್ಲಿ ಒಂಟಿಯಾಗಿ ಕೂತು ಬೆಳಗಿನ ತನಕ ಗುರುಗುಟ್ಟಿತು. ನೋವಿಲ್ಲವೆಂದುಕೊಂಡು ಸಮಾಧಾನಪಟ್ಟೆ. ಅದು ತನ್ನನ್ನು ತಾನೇ ತಟ್ಟಿ ಮಲಗಿಸುತ್ತಿತ್ತೆಂದು ತಿಳಿದದ್ದು ಆಮೇಲೆ. 2001ರಲ್ಲಿ ಅಮೆರಿಕದ ಕ್ಲಿಂಟನ್ ರೂಬಿನ್ ತಂಡ ಕುರಿಗಳನ್ನು ದಿನಕ್ಕೆ 20 ನಿಮಿಷ, 30 ಹರ್ಟ್ಸ್‌ನ ನವಿರಾದ ಕಂಪನದ ಮೇಲೆ ನಿಲ್ಲಿಸಿತ್ತು. ವರ್ಷ ಕಳೆಯುವಷ್ಟರಲ್ಲಿ ಅವುಗಳ ತೊಡೆಮೂಳೆಯ ಒಳಜಾಲರಿ ಶೇ 34ರಷ್ಟು ಹೆಚ್ಚು ಸಾಂದ್ರವಾಗಿತ್ತು. ಬೆಕ್ಕಿನ ಶ್ರುತಿಯೂ ಅಲ್ಲೇ ಆಸುಪಾಸು. ಈ ನಾದ ಅದರ ಮೂಳೆಗೆ ಮದ್ದೂ ಆಗಿರಬಹುದೆಂಬ ಊಹೆ ಹುಟ್ಟಿದ್ದು ಇಂಥ ಹೋಲಿಕೆಗಳಿಂದಲೇ.

ಹಾಲೂಡುವಾಗ, ಹಸಿದಾಗ, ನೊಂದಾಗ, ತಣಿದಾಗ, ಎಲ್ಲಕ್ಕೂ ಹಿಂದೆ ಒಂದೇ ಆಧಾರ ಶ್ರುತಿ. ಕರುಣೆಗೂ ಶೃಂಗಾರಕ್ಕೂ ತಂಬೂರಿ ಬೇರೆ ಬೇರೆ ಇರುತ್ತದೆಯೇ?

ಇವತ್ತು ರಾತ್ರಿ ಫ್ಯಾನ್ ಆರಿಸಿ. ನಿಮ್ಮ ಮನೆಯ ಬೆಕ್ಕು ತಾನಾಗಿ ಬಂದು ಕೂರಲಿ. ಗಲ್ಲದ ಕೆಳಗೆ, ಹತ್ತಿಯಷ್ಟು ಮೆತ್ತನೆಯ ಆ ತುಪ್ಪಳದಲ್ಲಿ, ಎರಡು ಬೆರಳು ಹಗುರಾಗಿ ಇಡಿ. ಉಸಿರು ಹೊರಗಿನಿಂದ ಒಳಕ್ಕೆ ಹೊರಳುವ ಕೂದಲೆಳೆಯ ತಿರುವು ಬೆರಳಿಗೆ ಸಿಗುವ ತನಕ ಕಾಯಿರಿ.