ಸವೆಸಿ ಹೊಳೆಸುವ ಕಸುಬು

ಕಪ್ಪು ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ನೋಡಿ. ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯಂಥ ಗೀರುಗಳು. ನಿಜಕ್ಕೂ ಅವು ಎಲ್ಲ ದಿಕ್ಕಿಗೂ ಹರಡಿರುತ್ತವೆ. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿನುಗಿ ಸುರುಳಿಯಂತೆ ತೋರುತ್ತವೆ. ದಿನಾ ಬೆಳಿಗ್ಗೆ ದೂಳಿನ ಮೇಲೆಯೇ ಒಣಬಟ್ಟೆ ಆಡಿಸುವ ನಮ್ಮ ಶ್ರದ್ಧೆಯ ಫಲ ಅದು!

ಪಾಲಿಶಿಂಗ್ ಮಷೀನ್ ಹಿಡಿದ ಒಳ್ಳೆಯ ಕೆಲಸಗಾರ ಗೀರನ್ನು ತುಂಬುವುದಿಲ್ಲ. ಬಣ್ಣದ ಮೇಲಿನ ಕ್ಲಿಯರ್ ಕೋಟನ್ನೇ ಗೀರಿನ ತಳದವರೆಗೆ ಸವೆಸಿ ಸಮ ಮಾಡುತ್ತಾನೆ. ಆ ಪದರದ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್ ಅಷ್ಟೇ, ಸವೆದದ್ದು ಮರಳದು. ಅದಕ್ಕೇ ನಾನು ಮೆಚ್ಚುವುದು ಆತನ ಸಂಯಮವನ್ನು. ತೊಳೆದು, ಅಂಟಿದ ಕೊಳೆ ಎತ್ತುವ ಕ್ಲೇ ಉಜ್ಜಿ, ಅಂಚುಗಳಿಗೆ ಟೇಪ್ ಅಂಟಿಸಿ, ಬಾನೆಟ್ಟಿನ ಒಂದು ಚೂರು ಜಾಗದಲ್ಲಿ ಮೆತ್ತನೆಯ ಫೋಮ್ ಪ್ಯಾಡ್, ನಯವಾದ ಪಾಲಿಶ್‌ನಿಂದಲೇ ಶುರು ಮಾಡುತ್ತಾನೆ. ಸಾಲದಿದ್ದರೆ ಮಾತ್ರ ಒರಟು ಕಾಂಪೌಂಡ್. ಡ್ಯುಯಲ್ ಆಕ್ಷನ್ ಮಷೀನ್ ಸುತ್ತುತ್ತಲೇ ಓಲಾಡುವುದರಿಂದ ಬಿಸಿ ಒಂದೇ ಕಡೆ ಸುಲಭಕ್ಕೆ ಏರದು. ಓಲಾಡದೆ ಬರೀ ಸುತ್ತುವ ರೋಟರಿ ಮಷೀನ್ ಬೇಗ ಮುಗಿಸುತ್ತದೆ, ಕೈ ತಪ್ಪಿದರೆ ಬಣ್ಣವನ್ನೇ ಸುಡುತ್ತದೆ.

ಹೊಳಪು ಕಂಡ ಕೂಡಲೇ ದುಡ್ಡು ಎಣಿಸಬೇಡಿ. ಪಾಲಿಶ್‌ನ ಎಣ್ಣೆ ಗೀರುಗಳನ್ನು ಮರೆಮಾಚಿರಬಹುದು. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಲು ಹೇಳಿ, ಟಾರ್ಚ್ ಹಿಡಿದು ನೋಡಿ, ಆಮೇಲೆ ಕೊಡಿ.