ಕೊಲೆಗಾರನ ಮಗಳು: ಮೆಡೋಸ್ ಟೇಲರನ ಠಕ್ಕನ ಕಥೆಯನ್ನು ಕುರಿತು ಒಂದು ವಿಮರ್ಶೆ

ಪತ್ತೇದಾರಿ ಕಥೆಗಳೆಂದರೆ ಹೊತ್ತು ಕಳೆಯುವ ಸಾಧನಗಳೆಂದು ತಿಳಿದು ವಿಮರ್ಶಕರು ಅವುಗಳ ಗೊಡವೆಗೆ ಹೋಗದಿರುವುದು ವಾಡಿಕೆ. ಆದರೆ ಈಚಿನ ವರ್ಷಗಳಲ್ಲಿ ಆ ಜಾತಿಯ ಕಥೆಗಳೊಳಗೆ ಒಂದು ವಸ್ತು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದ್ದು, ಅದು ವಿಚಾರಕ್ಕೆ ಅರ್ಹವಾದುದೆಂದು ನಮಗೆ ತೋರುತ್ತದೆ. ಕೊಲೆಗಾರನೊಬ್ಬನು ಸೆರೆಸಿಕ್ಕಿರುತ್ತಾನೆ, ಅವನ ಮಗಳು ಬೆಳೆದು, ಹೆಸರು ಬದಲಿಸಿಕೊಂಡೋ ಊರು ಬಿಟ್ಟೋ ಬಾಳುತ್ತಿರುತ್ತಾಳೆ, ಅಷ್ಟರಲ್ಲಿ ಮತ್ತೆ ಜನರು ಕಾಣೆಯಾಗತೊಡಗುತ್ತಾರೆ. ಊರಿನವರ ಸಂಶಯ ಅವಳ ಮೇಲೆ ಬೀಳುವುದು. ಅದಕ್ಕಿಂತಲೂ ದಾರುಣವಾದುದೆಂದರೆ, ಅವಳಿಗೆ ತನ್ನ ಮೇಲೆಯೇ ಸಂಶಯ ಹುಟ್ಟುವುದು. ತಂದೆಯ ರಕ್ತವು ತನ್ನಲ್ಲಿಯೂ ಹರಿಯುತ್ತಿದೆಯಲ್ಲ ಎಂಬ ಆ ಶಂಕೆಯೇ ಇಂಥ ಕಥೆಗಳ ಜೀವಾಳ. ಬೀದರಿನ ನಮ್ಮ ಗೋಷ್ಠಿಯಲ್ಲಿ ಈ ಮಾತು ಬಂದಾಗ ಭಾಲ್ಕಿಯ ಮಿತ್ರರೊಬ್ಬರು, ಇದು ಪಶ್ಚಿಮದಿಂದ ಬಂದ ಹೊಸ ಸರಕು, ನಮ್ಮ ನೆಲಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳಿದರು. ಔರಾದಿನಿಂದ ಬಂದಿದ್ದ ಹಿರಿಯರು ನಕ್ಕು, ‘ಟೇಲರ್ ಸಾಹೇಬರ ಠಕ್ಕನ ಪುಸ್ತಕ ಓದೀರೇನ್ರಿ?’ ಎಂದು ಮರುಪ್ರಶ್ನೆ ಹಾಕಿದರು. ಆ ಪ್ರಶ್ನೆಯ ಫಲವೇ ಈ ಲೇಖನ.

ಫಿಲಿಪ್ ಮೆಡೋಸ್ ಟೇಲರನು ನಮ್ಮ ಸೀಮೆಗೆ ಅಪರಿಚಿತನಲ್ಲ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಮುಂಬಯಿಗೆ ಬಂದು, ನಿಜಾಮರ ಸೈನ್ಯದಲ್ಲಿ ಕೆಲಸ ಹಿಡಿದವನು. ತಾರುಣ್ಯದಲ್ಲಿ ಆತನು ನಿಜಾಮರ ರಾಜ್ಯದ ನೈರುತ್ಯ ಭಾಗದಲ್ಲಿ, ತುಳಜಾಪುರದ ಕಡೆಯ ಸೀಮೆಯಲ್ಲಿ, ಪೊಲೀಸು ಅಧಿಕಾರವನ್ನು ನಡೆಸಿದನು. 1841ರಿಂದ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡು, ಬಾಲಕನಾದ ದೊರೆ ವೆಂಕಟಪ್ಪ ನಾಯಕನಿಗೆ ಪೋಷಕನಂತಿದ್ದನು. ಸುರಪುರದ ಟೇಲರ್ ಮಂಜಿಲ್ ಇಂದಿಗೂ ಆತನ ಹೆಸರನ್ನು ಹೇಳುತ್ತದೆ. ದಾರಿಹೋಕರ ಕೊಲೆಗಳ ರಹಸ್ಯವನ್ನು ಬೆನ್ನುಹತ್ತಿದ್ದ ಸಮಯದಲ್ಲಿ ತನ್ನನ್ನು ಮರಳಿ ಪಲ್ಟನ್ನಿಗೆ ಕರೆಯಿಸಿಕೊಂಡರೆಂದು ಆತನು ಆತ್ಮಕಥೆಯಲ್ಲಿ ವಿಷಾದದಿಂದ ಬರೆದಿರುವನು. ಮುಂದೆ ಠಕ್ಕರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ ಆತನ ಪಾಲಿಗೆ ಬಂದಿತು. ಆ ಅನುಭವದಿಂದ ಹುಟ್ಟಿದ ‘ಕನ್ಫೆಷನ್ಸ್ ಆಫ್ ಎ ಠಗ್’, ಎಂದರೆ ಠಕ್ಕನೊಬ್ಬನ ತಪ್ಪೊಪ್ಪಿಗೆ, 1839ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

‘ಠಕ್ಕ’ ಎಂಬುದು ಕನ್ನಡದಲ್ಲಿ ವಂಚಕನಿಗೆ ಸಲ್ಲುವ ಮಾತು; ಕೊರಳಿಗೆ ಕುಣಿಕೆ ಹಾಕುವವನೆಂಬ ಅರ್ಥ ಅದರಲ್ಲಿಲ್ಲ. ಆದರೆ ಆ ಅರ್ಥವನ್ನು ಹೇಳುವ ಬೇರೊಂದು ಮಾತು ನಮ್ಮಲ್ಲಿತ್ತು. ಮದರಾಸಿನ ವೈದ್ಯ ರಿಚರ್ಡ್ ಶೆರ್‌ವುಡ್ಡನು 1816ರ ತನ್ನ ಪ್ರಬಂಧದಲ್ಲಿ, ಕನ್ನಡ ಜನರು ಇವರನ್ನು ‘ತಂತಿಕಳ್ಳರು’ ಎನ್ನುವರೆಂದು ಗುರುತುಮಾಡಿರುವನು. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಬೆಂಗಳೂರಿನ ಸುತ್ತಮುತ್ತ ಇಂಥವರು ನೂರು ಮಂದಿ ಸೆರೆಯಾದರೆಂದೂ ಅವನೇ ತಿಳಿಸುತ್ತಾನೆ. ಆದುದರಿಂದ ಇದು ದೂರದ ಕಥೆಯಲ್ಲ. ರಜೆಯ ಮೇಲೆ ಊರಿಗೆ ಹೊರಟ ಸಿಪಾಯಿ, ಹಣ ಒಯ್ಯುವ ಸಾಹುಕಾರನ ಆಳು, ಇಂಥವರು ದಾರಿಯಲ್ಲಿ ಇಲ್ಲವಾದಾಗ ಮನೆಯವರು ಇನ್ನೂ ಪಲ್ಟನ್ನಿನಲ್ಲಿಯೋ ಊರೂರಿನಲ್ಲಿಯೋ ಇದ್ದಾರೆಂದು ತಿಳಿಯುತ್ತಿದ್ದರು. ಪಲ್ಟನ್ನಿನವರು ಓಡಿಹೋದರೆಂದು ತಿಳಿಯುತ್ತಿದ್ದರು. ಕಾಣೆಯಾದವರು ಕಾಣೆಯಾದರೆಂಬುದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. 1810ರಲ್ಲಿ ಸೇನಾಧಿಕಾರಿಯೊಬ್ಬನು ಸಿಪಾಯಿಗಳಿಗೆ, ಕೈಯಲ್ಲಿ ರೊಕ್ಕವಿಟ್ಟುಕೊಂಡು ಪ್ರಯಾಣಮಾಡಬೇಡಿರೆಂದು ಆಜ್ಞೆ ಹೊರಡಿಸಬೇಕಾಯಿತು.

ಇನ್ನು ಕಥೆಯ ಸಾರಾಂಶ. ಅಮೀರ ಅಲಿಯು ಪಠಾಣನೊಬ್ಬನ ಮಗ. ಬಾಲ್ಯದಲ್ಲಿ ತಂದೆತಾಯಿಗಳೊಡನೆ ಇಂದೂರಿನ ದಾರಿ ಹಿಡಿದಾಗ, ಮಿಠಾಯಿ ಕೊಟ್ಟು ಅವನನ್ನು ಒಲಿಸಿಕೊಂಡ ಇಸ್ಮಾಯಿಲನ ತಂಡದವರೇ ತಂದೆತಾಯಿಗಳನ್ನು ಕೊಲ್ಲುತ್ತಾರೆ. ಗಣೇಶನೆಂಬ ಠಕ್ಕನು ಮಗುವನ್ನೂ ಮುಗಿಸಹೋದಾಗ ಇಸ್ಮಾಯಿಲನು ತಡೆದು, ಮನೆಗೆ ಒಯ್ದು, ಮಗನಂತೆ ಸಾಕುತ್ತಾನೆ. ಹುಡುಗನಿಗೆ ಹಿಂದಿನದು ಮರೆಯುತ್ತದೆ. ಬೆಳೆದ ಮೇಲೆ ಸಾಕುತಂದೆಯ ವೃತ್ತಿಯ ದೀಕ್ಷೆ ಹೊಂದಿ, ರುಮಾಲು ಹಿಡಿದು, ತಂಡದ ಜಮಾದಾರನಾಗುತ್ತಾನೆ. ಅಜೀಮಾ ಎಂಬಾಕೆಯನ್ನು ಮೆಚ್ಚಿ ಮದುವೆಯಾಗುತ್ತಾನೆ. ಅವಳ ಪಾಲಿಗೆ ಅವನು ವ್ಯಾಪಾರಿ. ಅವರಿಗೆ ಒಬ್ಬ ಮಗಳು. ಝಾಲೋನಿನ ರಾಜನು ಗುಟ್ಟನ್ನು ತಿಳಿದು ಇಸ್ಮಾಯಿಲನನ್ನು ಆನೆಯ ಕಾಲಿಗೆ ಕೊಡಿಸುತ್ತಾನೆ. ಅಮೀರನು ಹಣೆಗೆ ಬರೆ ಹಾಕಿಸಿಕೊಂಡು ಹೊರಬೀಳುತ್ತಾನೆ. ಗಂಡನು ಎಂಥವನೆಂದು ತಿಳಿದ ಅಜೀಮಾ ಆ ಆಘಾತದಿಂದಲೇ ಸಾಯುತ್ತಾಳೆ. ತಾನು ಕೊಂದ ಹೆಂಗಸರಲ್ಲಿ ಒಬ್ಬಳು ತನ್ನ ಒಡಹುಟ್ಟಿದವಳೆಂಬುದು ಅಮೀರನಿಗೆ ಬಹುಕಾಲದ ಮೇಲೆ ಗೊತ್ತಾಗುತ್ತದೆ. ಇದೆಲ್ಲವನ್ನೂ ಸೆರೆಯಲ್ಲಿ ಕುಳಿತು, ಮಾಫಿ ಸಾಕ್ಷಿಯಾಗಿ, ಸಾಹೇಬನೊಬ್ಬನಿಗೆ ಹೇಳುತ್ತಾನೆ.

ಈ ಗ್ರಂಥದ ಮೊದಲನೆಯ ಗುಣ ಕಥನರೀತಿ. ಸಾಹೇಬನು ಬಹುಮಟ್ಟಿಗೆ ಮೌನಿ, ಕೊಲೆಗಾರನೇ ಮಾತನಾಡುತ್ತಾನೆ. ಅವನ ಮಾತಿನಲ್ಲಿ ಅಬ್ಬರವಿಲ್ಲ, ಪಶ್ಚಾತ್ತಾಪವೂ ಅಲ್ಪ. ಕುಶಲಿಯಾದ ಕಮ್ಮಾರನು ತನ್ನ ಕೆಲಸವನ್ನು ವಿವರಿಸುವಂತೆ ತನ್ನ ಕೊಲೆಗಳನ್ನು ವಿವರಿಸುತ್ತಾನೆ. ತನ್ನ ಕೈಯಿಂದ ನಡೆದ ಕೊಲೆಗಳು 719 ಎಂಬ ಲೆಕ್ಕವನ್ನು ಪೀಠಿಕೆಯಲ್ಲಿ ಓದಿದಾಗ ಆಗುವ ಭಯಕ್ಕಿಂತ, ಸೆರೆಮನೆಯಲ್ಲಿ ಹನ್ನೆರಡು ವರ್ಷ ಕಳೆಯದಿದ್ದರೆ ಸಾವಿರವಾಗುತ್ತಿತ್ತೆಂದು ಅವನು ನಿಟ್ಟುಸಿರು ಬಿಟ್ಟಾಗ ಆಗುವ ಭಯ ದೊಡ್ಡದು. ಭಯಾನಕಕ್ಕೆ ವಿಕಾರರೂಪವೇ ಬೇಕೆಂದು ತಿಳಿದವರಿಗೆ ಈ ಪುಸ್ತಕ ಒಂದು ಉತ್ತರ. ಇಲ್ಲಿ ಕೊಲೆಗಾರನು ಹೆಂಡತಿಯನ್ನು ನಿಜವಾಗಿ ಪ್ರೀತಿಸುತ್ತಾನೆ, ಮಗಳನ್ನು ಮುದ್ದಿಸುತ್ತಾನೆ, ಮಾರನೆಯ ದಿನ ದಾರಿಗೆ ಹೊರಡುತ್ತಾನೆ. ಎರಡೂ ಒಂದೇ ಕೈ. ಓದುಗನು ಅವನ ಮಾತಿನ ಸೊಬಗಿಗೆ ಒಲಿದು ಜೊತೆಗೆ ನಡೆಯುತ್ತಿದ್ದು, ತಾನೂ ಆ ಪ್ರಯಾಣಿಕರಂತೆಯೇ ವಂಚಿತನಾದೆನೆಂದು ತಡವಾಗಿ ತಿಳಿಯುತ್ತಾನೆ. ಮನೋವ್ಯಾಪಾರದ ನಿರೂಪಣೆಯಲ್ಲಿ ಇಂದಿನ ಅನೇಕ ರೋಮಾಂಚಕಾರಿ ಕಾದಂಬರಿಗಳು ಈ ಎತ್ತರವನ್ನು ಮುಟ್ಟಿಲ್ಲ.

ಎರಡನೆಯ ಗುಣ ಇದಕ್ಕಿಂತ ಮುಖ್ಯವಾದುದು. ಕೊಲೆಯ ಸ್ವಭಾವವು ರಕ್ತದಿಂದ ಇಳಿದುಬರುವುದೋ, ಸಾಕಣೆಯಿಂದ ಬೆಳೆಯುವುದೋ ಎಂಬ ಪ್ರಶ್ನೆಗೆ ಈ ಕಥೆಯ ವಸ್ತುವೇ ಉತ್ತರ ಕೊಡುತ್ತದೆ. ಅಮೀರನು ಕೊಲೆಗಾರನ ಮಗನಲ್ಲ, ಕೊಲೆಯಾದವನ ಮಗ. ಇಸ್ಮಾಯಿಲನು ಅವನನ್ನು ಹೊಡೆದು ಬಡಿದು ಠಕ್ಕನನ್ನಾಗಿ ಮಾಡಲಿಲ್ಲ, ಅಕ್ಕರೆಯಿಂದ ಮಾಡಿದನು. ಶೆರ್‌ವುಡ್ಡನ ಬರಹದಲ್ಲಿಯೂ, 1836ರಲ್ಲಿ ಪ್ರಕಟವಾದ ಸ್ಲೀಮನ್ನನ ಗ್ರಂಥದಲ್ಲಿಯೂ ಇದಕ್ಕೆ ಆಧಾರವುಂಟು. ಹುಡುಗರನ್ನು ಮೊದಲು ಬರಿದೆ ಪ್ರಯಾಣಕ್ಕೆಂದು ಕರೆದೊಯ್ಯುವರು. ಸಿಕ್ಕ ವಸ್ತುಗಳಲ್ಲಿ ಉಡುಗೊರೆ ಕೊಡುವರು. ಮೆಲ್ಲಮೆಲ್ಲನೆ ಗುಟ್ಟು ತಿಳಿಸುವರು. ಕಡೆಗೆ ಕೊಲೆಯನ್ನು ನೋಡಗೊಡುವರು. ಸತ್ತವರ ಸಣ್ಣ ಮಕ್ಕಳನ್ನು ಉಳಿಸಿ ಸಾಕುವುದೂ, ಅಂಥ ಹೆಣ್ಣುಮಕ್ಕಳನ್ನು ತಮ್ಮ ಮಕ್ಕಳಿಗೆ ತಂದುಕೊಳ್ಳುವುದೂ ಇತ್ತು. ಹೀಗೆ ಒಂದೇ ಮನೆಯಲ್ಲಿ ಕೊಂದವನ ಮಗನೂ ಸತ್ತವನ ಮಗಳೂ ಗಂಡಹೆಂಡಿರಾಗಿ ಬಾಳುತ್ತಿದ್ದಲ್ಲಿ, ಯಾವ ರಕ್ತ ಯಾರದೆಂದು ಹೇಳುವವರಾರು?

ಗುಣಗಳನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಇಷ್ಟು ದೂರ ಬಂದ ಕಾದಂಬರಿಕಾರನು ಒಂದು ಬಾಗಿಲ ಮುಂದೆ ನಿಂತು ಹಿಂದಿರುಗಿದನು. ಅಜೀಮಾಳ ಮಗಳು ತಾಯಿಯನ್ನು ಕಳೆದುಕೊಂಡು ಮುಲ್ಲಾನೊಬ್ಬನ ಆಶ್ರಯದಲ್ಲಿ ಉಳಿಯುತ್ತಾಳೆ. ಅವಳ ತಂದೆಯು ಮರಳಿ ಕುಣಿಕೆ ಹಿಡಿಯುತ್ತಾನೆ. ಎಂದರೆ, ಆ ಹುಡುಗಿ ಬೆಳೆಯುತ್ತಿರುವಾಗಲೇ ದಾರಿಗಳಲ್ಲಿ ಮತ್ತೆ ಜನರು ಕಾಣೆಯಾಗುತ್ತಿದ್ದಾರೆ. ಸಂತೆಗೆ ಹೋದವನು ಬರಲಿಲ್ಲವೆಂಬ ಸುದ್ದಿ ಬಂದಾಗಲೆಲ್ಲ ಅವಳ ಎದೆಯಲ್ಲಿ ಏನಾಗುತ್ತಿತ್ತು? ಸಂಜೆ ಮಿಠಾಯಿ ತರುತ್ತಿದ್ದ ತಂದೆಯ ನೆನಪೂ, ಆ ಕೈಗಳ ಕೆಲಸವೂ ಒಟ್ಟಿಗೆ ಬಂದಾಗ ಅವಳು ಯಾವುದನ್ನು ನಂಬಬೇಕು? ಇವನ್ನು ಟೇಲರನು ಕೇಳಲಿಲ್ಲ. ಕಥೆಯೆಲ್ಲವೂ ಅಮೀರನ ಬಾಯಿಂದ ಬರುವುದರಿಂದ ಮಗಳು ಅವನ ದುಃಖದ ಒಂದು ಅಲಂಕಾರವಾಗಿ ಮಾತ್ರ ನಿಂತಳು. ರಚನೆಯ ಕಟ್ಟುಪಾಡೇ ಇದಕ್ಕೆ ಕಾರಣವೆಂದು ಸಮಾಧಾನ ಹೇಳಬಹುದು; ಆದರೆ ಸಾಕ್ಷಿಯ ಕಟ್ಟೆಯಲ್ಲಿ ಕೊಲೆಗಾರನಿಗೇ ಸ್ಥಳವಿದ್ದು ಅವನ ಮಗುವಿಗೆ ಇಲ್ಲದಿರುವುದು ಬರಿಯ ರಚನೆಯ ಮಾತಲ್ಲ. ವಿಚಿತ್ರವೆಂದರೆ, ಟೇಲರನ ಆತ್ಮಕಥೆ 1877ರಲ್ಲಿ, ಆತನು ತೀರಿಹೋದ ಮರುವರ್ಷ, ಹೊರಬಂದಾಗ ಅದನ್ನು ಸಿದ್ಧಪಡಿಸಿದವಳು ಆತನ ಮಗಳು. ಸಾಹೇಬನ ಮಗಳಿಗೆ ತಂದೆಯ ಬಾಳನ್ನು ಲೋಕದ ಮುಂದಿಡುವ ಅವಕಾಶ ದೊರೆಯಿತು; ಠಕ್ಕನ ಮಗಳಿಗೆ ಹೆಸರಿಡಿದು ಅಳುವ ಅವಕಾಶವೂ ದೊರೆಯಲಿಲ್ಲ.

ನಮ್ಮ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಕೊರತೆ ಸ್ಪಷ್ಟವಾಗುವುದು. ಅಲ್ಲಿಯೂ ಕೊಲೆಯುಂಟು, ಭಯವುಂಟು, ಕಥೆ ಹೇಳುವ ಸಂದರ್ಭವುಂಟು. ಮಾರಿಗುಡಿಯಲ್ಲಿ ಬಲಿಗೆಂದು ತಂದು ನಿಲ್ಲಿಸಿದ ಅಭಯರುಚಿ ಅಭಯಮತಿಯರೆಂಬ ಎಳೆಯರ ಪಕ್ಷದಿಂದ ಕಥೆ ಬರುತ್ತದೆ. ಕತ್ತಿ ಹಿಡಿದ ಮಾರಿದತ್ತನು ಕೇಳುತ್ತಾನೆ. ಕೇಳಿ ಕೈ ತಡೆಯುತ್ತಾನೆ. ಟೇಲರನಲ್ಲಿ ಕೊಲ್ಲುವವನು ಹೇಳುತ್ತಾನೆ, ಆಳುವವನು ಬರೆದುಕೊಳ್ಳುತ್ತಾನೆ. ಎರಡು ಕೃತಿಗಳ ಉದ್ದೇಶ ಬೇರೆ ಎಂಬುದನ್ನು ನಾವು ಬಲ್ಲೆವು. ಆದರೂ ಭಯಾನಕವು ಕರುಣದಲ್ಲಿ ಕೊನೆಗಾಣಬೇಕಾದರೆ ಎಳೆಯರ ದನಿ ಕೇಳಿಬರಬೇಕೆಂಬುದನ್ನು ಜನ್ನನು ಕಂಡಿದ್ದನು, ಟೇಲರನು ಕಾಣಲಿಲ್ಲ.

ಆ ದನಿ ಕೇಳದೆ ಹೋದುದರ ಫಲವು ಪುಸ್ತಕದ ಹೊರಗೂ ಹರಡಿತು. 1836ರ ಕಾಯಿದೆಯು ಠಕ್ಕರ ತಂಡಕ್ಕೆ ಸೇರಿದ್ದನೆಂದು ರುಜುವಾತಾದರೆ ಸಾಕು, ಬೇರೊಂದು ಕೊಲೆ ರುಜುವಾಗದಿದ್ದರೂ, ಆಜೀವ ಸೆರೆಯೆಂದು ವಿಧಿಸಿತು. ಮಾಫಿ ಸಾಕ್ಷಿಗಳನ್ನೂ ಅವರ ಕುಟುಂಬಗಳನ್ನೂ ಜಬಲ್ಪುರದಲ್ಲಿ ಕಾವಲಿನೊಳಗಿಟ್ಟು, ಡೇರೆ ಜಮಖಾನೆಗಳ ಕೆಲಸ ಕಲಿಸಿದರು. ಏನೂ ಮಾಡದ ಮಕ್ಕಳು ಅಲ್ಲಿಯೇ ದೊಡ್ಡವರಾದರು. 1871ರಲ್ಲಿ ಬ್ರಿಟಿಷ್ ಇಂಡಿಯಾದ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದು, ಇಡೀ ಕುಲಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿಗೆ ಹಾಕಿತು. 1897ರ ತಿದ್ದುಪಡಿಯು ಅಂಥ ಕುಲಗಳ ಎಳೆಯರನ್ನು ತಂದೆತಾಯಿಗಳಿಂದ ಅಗಲಿಸಿ ಬೇರೆ ವಸತಿಗಳಲ್ಲಿ ಇಡಲು ಅವಕಾಶ ಕೊಟ್ಟಿತು. ಈ ಕಾಯಿದೆ ರದ್ದಾದುದು 1952ರಲ್ಲಿ. ಠಕ್ಕರ ವಿಷಯವಾಗಿ ಅಂದು ಬರೆದುದರಲ್ಲಿ ಎಷ್ಟು ನಿಜ, ಎಷ್ಟು ಸರಕಾರದ ಕಲ್ಪನೆ ಎಂಬುದನ್ನು ಈಚಿನ ಇತಿಹಾಸಕಾರರು ಸೂಕ್ಷ್ಮವಾಗಿ ಶೋಧಿಸಿರುವರು. ಕಿಮ್ ವಾಗ್ನರನ 2007ರ ಗ್ರಂಥ ಅವುಗಳಲ್ಲಿ ಒಂದು. ದಾರಿಗಳಲ್ಲಿ ಕೊಲೆಗಳು ನಡೆದುದು ನಿಜ. ಕೊಲೆಗಾರರ ಒಂದು ಕುಲವೇ ಇತ್ತೆಂಬುದು ಬೇರೆ ಮಾತು. ಟೇಲರನ ಪುಸ್ತಕವನ್ನು ಸರಿಯಾಗಿ ಓದಿದವರಿಗೆ ಈ ಭೇದವು ಅಂದೇ ತಿಳಿಯಬಹುದಾಗಿತ್ತು, ಏಕೆಂದರೆ ಅದರ ನಾಯಕನೇ ಆ ಕುಲದಲ್ಲಿ ಹುಟ್ಟಿದವನಲ್ಲ. ಜನರು ರೋಮಾಂಚವನ್ನು ಓದಿದರು, ಅರ್ಥವನ್ನು ಬಿಟ್ಟರು.

ಬೇಡನೊಬ್ಬನು ವಾಲ್ಮೀಕಿಯಾದ ಕಥೆಯನ್ನು ನಮ್ಮ ಹಳ್ಳಿಗಳಲ್ಲಿ ಕೇಳದವರಿಲ್ಲ. ದಾರಿ ಕಾಯ್ದು ತಂದುದನ್ನು ಉಂಡ ಹೆಂಡಿರು ಮಕ್ಕಳು, ನಿನ್ನ ಪಾಪದಲ್ಲಿ ನಮಗೆ ಪಾಲಿಲ್ಲವೆಂದುಬಿಡುತ್ತಾರೆ. ಸಾಮಾನ್ಯವಾಗಿ ಅವರನ್ನು ಕೃತಘ್ನರೆಂದು ಹಳಿಯುವುದುಂಟು. ವಿಚಾರಮಾಡಿದರೆ ಅವರು ಹೇಳಿದುದು ಧರ್ಮದ ಮಾತು. ಆ ಮಾತಿನಿಂದಲೇ ಬೇಡನಿಗೂ ಕಣ್ಣು ತೆರೆಯಿತು. ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದು ಶರಣರು ಸಾರಿದ ಕಲ್ಯಾಣವು ನಮ್ಮ ಜಿಲ್ಲೆಯಲ್ಲಿಯೇ ಇದೆ. ಆದರೂ ಭಾಲ್ಕಿಯ ಪೇಟೆಯಲ್ಲಿಯಾಗಲಿ ಔರಾದಿನ ತಾಂಡಾದ ಅಂಚಿನಲ್ಲಿಯಾಗಲಿ ಒಂದು ಕಳವಾದರೆ, ಒಬ್ಬರು ಕಾಣೆಯಾದರೆ, ಮೊದಲ ಬೆರಳು ಯಾರ ಮನೆಯ ಕಡೆಗೆ ತಿರುಗುತ್ತದೆಂಬುದನ್ನು ವಾಚಕರು ತಮ್ಮನ್ನೇ ಕೇಳಿಕೊಳ್ಳಲಿ. ಕಾಯಿದೆ ಹೋಯಿತು, ಬೆರಳು ಉಳಿದಿದೆ.

ಆದುದರಿಂದ ನಮ್ಮ ಭಾಲ್ಕಿಯ ಮಿತ್ರರಿಗೆ ನಾವು ಹೇಳುವುದಿಷ್ಟೆ: ಕೊಲೆಗಾರನ ಮಗಳ ಕಥೆ ಪಶ್ಚಿಮದ ಸರಕಲ್ಲ. ಅದರ ಮೊದಲ ಭಾಗವನ್ನು ನಮ್ಮ ಸೀಮೆಯಲ್ಲಿ ಅಧಿಕಾರ ನಡೆಸಿದವನೊಬ್ಬನು ಇಂಗ್ಲಿಷಿನಲ್ಲಿ ಬರೆದಿಟ್ಟಿರುವನು. ಅವನು ಬಿಟ್ಟ ಅಧ್ಯಾಯ ಮುಲ್ಲಾನ ಮನೆಯ ಹೊಸ್ತಿಲಲ್ಲಿ, ದಾರಿಯ ಕಡೆ ನೋಡುತ್ತ ಕುಳಿತಿದೆ. ಅದನ್ನು ಕನ್ನಡದಲ್ಲಿ ಬರೆಯುವವರು ನಮ್ಮ ಈ ಮೂರು ಊರುಗಳಲ್ಲಿಯೇ ಯಾರಾದರೂ ಇರಬಹುದು. ಬರೆಯುವವರು ಒಂದು ಮಾತನ್ನು ಮರೆಯದಿರಲಿ: ಅಪರಾಧಿ ಯಾರೆಂಬ ಕುತೂಹಲವು ಕೊನೆಯ ಪುಟದಲ್ಲಿ ತೀರಿಹೋಗುವುದು, ಆ ಹುಡುಗಿಯು ತನ್ನ ಕೈಗಳನ್ನು ತಾನು ಭಯವಿಲ್ಲದೆ ನೋಡಿಕೊಳ್ಳುವಂತಾದರೆ ಮಾತ್ರ ಕಥೆ ಮುಗಿದಂತೆ.