ಮೋಟಾರು ರಸಿಕರ ತೀರ್ಪಿಗೊಂದು ಮೇಲ್ಮನವಿ

ಕಾವ್ಯರಸಿಕರು, ಸಂಗೀತರಸಿಕರು ಇರುವಂತೆ ಮೋಟಾರು ರಸಿಕರೂ ಇದ್ದಾರೆ. ಹೈದರಾಬಾದಿನಲ್ಲಿ ಇವರ ಸಂಖ್ಯೆ ಕಡಿಮೆಯೇನಲ್ಲ. ನಾಲ್ಕು ಜನ ಸೇರಿದ ಕಡೆ ಕಾರಿನ ಮಾತು ಬಂತೆಂದರೆ ತೀರ್ಪುಗಳು ಥಟ್ಟನೆ ಹೊರಬೀಳುತ್ತವೆ: ಇದು ಕುರೂಪ, ಅದು ಆನೆ, ಇನ್ನೊಂದು ‘ಕ್ಲಾಸಿಕ್’. ಈ ತೀರ್ಪುಗಳ ಹಿಂದಿರುವ ಅಳತೆಗೋಲು ಯಾವುದೆಂದು ಕೇಳಿದರೆ ಮಾತ್ರ ಉತ್ತರ ಸಿಗುವುದು ಕಷ್ಟ. ನಿಂತ ಗಾಡಿಯನ್ನು ಚಿತ್ರಪಟದಂತೆ ನೋಡಿ ಆಡಿದ ಮಾತೇ ಹೆಚ್ಚು. ಕಾರು ಹುಟ್ಟಿದ್ದು ಯಾರನ್ನೋ ಎಲ್ಲಿಗೋ ಒಯ್ಯುವುದಕ್ಕೆ. ಹೀಗಿರುವಾಗ ಅದು ಯಾರಿಗಾಗಿ, ಎಷ್ಟು ಜನರಿಗಾಗಿ, ಎಂಥ ಬೀದಿಗಾಗಿ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಅದರ ಅಂದವನ್ನು ನಿರ್ಣಯಿಸುವುದು ನ್ಯಾಯವಲ್ಲ.

ಮೊದಲು ಚೌಮಹಲ್ಲಾ ಅರಮನೆಗೆ ಹೋಗೋಣ. ಅಲ್ಲಿರುವ ಹಳದಿ ಬಣ್ಣದ ರೋಲ್ಸ್ ರಾಯ್ಸ್ ‘ಸಿಲ್ವರ್ ಘೋಸ್ಟ್’ ಗಾಡಿಯನ್ನು ಮಾಡಿಸಲು ಹೇಳಿದವರು ಆರನೆಯ ನಿಜಾಮ ಮಹಬೂಬ್ ಅಲಿ ಖಾನರು. 1911ರಲ್ಲಿ ಅವರು ತೀರಿಕೊಂಡದ್ದರಿಂದ ಅದು ಮಗ ಉಸ್ಮಾನ್ ಅಲಿ ಖಾನರ ಪಾಲಿಗೆ ಬಂತು. ಇಂಗ್ಲೆಂಡಿನ ಬಾರ್ಕರ್ ಕಂಪನಿಯವರು ಮೈ ಕಟ್ಟಿದ ಈ ಗಾಡಿಯ ಹಿಂಭಾಗದಲ್ಲಿ ಸಿಂಹಾಸನದಂತೆ ಎತ್ತರಿಸಿದ ಪೀಠವಿದೆ. ರಸಿಕರು ಅದರೆದುರು ಮೌನವಾಗಿ ನಿಲ್ಲುತ್ತಾರೆ. ನಿಲ್ಲತಕ್ಕದ್ದೇ, ಕಸಬುದಾರಿಕೆ ಅಂಥದು. ಆದರೆ ಅದು ಕಾರಿನ ರೂಪ ತಾಳಿದ ಅಂಬಾರಿಯೆಂಬುದನ್ನು ಮರೆಯಬಾರದು. ಒಬ್ಬ ದೊರೆ ಸಾವಿರಾರು ಜನರ ಕಣ್ಣಿಗೆ ಬೀಳಬೇಕೆಂಬುದೇ ಅದರ ಉದ್ದೇಶ. ಆ ಉದ್ದೇಶಕ್ಕೆ ಅದು ನಿಷ್ಠವಾಗಿರುವುದರಿಂದ ಅದರ ಅತಿಶಯವೂ ಒಪ್ಪುತ್ತದೆ. ಮೈಸೂರಿನ ಅಂಬಾರಿಯನ್ನು ಕಂಡು ‘ಇಷ್ಟು ದೊಡ್ಡದೇಕೆ?’ ಎಂದು ಯಾರೂ ಕೇಳುವುದಿಲ್ಲ.

ಕೇಳಬೇಕಾದದ್ದು ಅಂಬಾರಿ ಏರಿ ಕೊತ್ತಂಬರಿ ಸೊಪ್ಪು ತರಲು ಹೊರಟವರನ್ನು! ಏಳು ಜನರ ಸಂಸಾರ ಕಟ್ಟಿಕೊಂಡು ಬೀದರ ಕಡೆಯ ಹಳ್ಳಿಗೆ ಹೋಗಿಬರುವವರಿಗೆ ದೊಡ್ಡ ಗಾಡಿ ಬೇಕು, ಒಪ್ಪೋಣ. ಆದರೆ ಒಬ್ಬರೇ ಕುಳಿತ ಎಸ್‌ಯುವಿಗಳೆರಡು ಕಾಚಿಗುಡಾದ ಒಂದು ಗಲ್ಲಿಯಲ್ಲಿ ಎದುರುಬದುರಾದಾಗ ಗೋಡೆಗೆ ಅಂಟಿಕೊಂಡು ನಿಲ್ಲಬೇಕಾದವರು ಯಾರು? ಶಾಲೆಗೆ ಹೊರಟ ಮಗು, ತಳ್ಳುಗಾಡಿಯ ಬಡವ, ಕೋಲೂರಿ ನಡೆಯುವ ಅಜ್ಜ. ಆನೆ ನಡೆದದ್ದೇ ದಾರಿ! ರಸಿಕರು ‘ಗತ್ತು’ ಎಂದು ಹೊಗಳುವ ಗುಣ ಬೀದಿಯಲ್ಲಿ ನಿಂತು ನೋಡುವವರಿಗೆ ಹೀಗೆ ಕಾಣುತ್ತದೆ. ನಿಜಾಮರ ಗಾಡಿಯಲ್ಲಿ ಪೀಠ ಎತ್ತರವಾಗಿದ್ದುದು ಜನ ದೊರೆಯನ್ನು ನೋಡಲೆಂದು. ಇಂದಿನ ಗಾಡಿಯ ಎತ್ತರ, ಒಳಗಿದ್ದವರು ಜನರನ್ನು ನೋಡದೆ ಹೋಗಲೆಂದೋ ಏನೋ.

ಗಾತ್ರವೇ ದೋಷವೆಂದು ಇದರ ಅರ್ಥವಲ್ಲ. ಈ ನಗರದಲ್ಲಿ ಡಬಲ್ ಡೆಕ್ಕರ್ ಬಸ್ಸುಗಳು ಬಹುಕಾಲ ಓಡಿದವು. 1932ರಲ್ಲಿ 27 ಬಸ್ಸುಗಳಿಂದ ಆರಂಭವಾದ ನಿಜಾಮ ಸಂಸ್ಥಾನದ ಸಾರಿಗೆ ಮುಂದೆ ಬೆಳೆದುಬಂದ ಪರಿ ಅದು. ಇಲ್ಲಿನ ಆಲ್ವಿನ್ ಕಾರ್ಖಾನೆ ಬಸ್ಸುಗಳ ಮೈ ಕಟ್ಟುವುದರಲ್ಲಿ ಹೆಸರಾಗಿತ್ತು. ಮರೆಯಾಗಿದ್ದ ಎರಡಂತಸ್ತಿನ ಬಸ್ಸು 2023ರ ಫೆಬ್ರವರಿಯಲ್ಲಿ ವಿದ್ಯುತ್ ವಾಹನವಾಗಿ ಮರಳಿದಾಗ ಜನ ಹಿಗ್ಗಿದ್ದು ಸುಮ್ಮನೆ ಅಲ್ಲ. ಅದೂ ಆನೆಯೇ; ಆದರೆ ಊರಿಗೆಲ್ಲ ಸೇರಿದ ದೇವಸ್ಥಾನದ ಆನೆ. ಬೆನ್ನ ಮೇಲೆ 65 ಜನರನ್ನು ಹೊತ್ತ ವಾಹನ ಎಷ್ಟೇ ದೊಡ್ಡದಾದರೂ ಅದನ್ನು ಅತಿಯೆನ್ನಲಾಗದು.

ಇನ್ನು ಕುರೂಪದ ವಿಚಾರ. ಬಹಾದೂರ್‌ಪುರಾದಲ್ಲಿ, ಮೃಗಾಲಯಕ್ಕೆ ಸಮೀಪದಲ್ಲೇ, ಕೆ. ಸುಧಾಕರ್ ಅವರು 2010ರಲ್ಲಿ ತೆರೆದ ಸುಧಾ ಕಾರ್ ಮ್ಯೂಸಿಯಂ ಇದೆ. 2005ರಲ್ಲಿ 41 ಅಡಿಗೂ ಎತ್ತರದ ಮೂರು ಚಕ್ರದ ಸೈಕಲ್ ತುಳಿದು ಗಿನ್ನೆಸ್ ದಾಖಲೆ ಸೇರಿದವರು ಇವರು. ಬದನೆಕಾಯಿ, ಕ್ರಿಕೆಟ್ ಚೆಂಡು, ಕ್ಯಾಮೆರಾ, ಎತ್ತರ ಹಿಮ್ಮಡಿಯ ಪಾದರಕ್ಷೆ, ಹೀಗೆ ಬಗೆಬಗೆಯ ಆಕಾರದ ಕಾರುಗಳನ್ನು ಗುಜರಿಯಿಂದಲೇ ಕಟ್ಟಿದ್ದಾರೆ. ಅವು ಓಡುತ್ತವೆ ಕೂಡ. ಗಂಭೀರ ರಸಿಕರು ಮೂಗು ಮುರಿಯುತ್ತಾರೆ. ವಿಮರ್ಶಕನೂ ಒಂದು ಕೊರತೆ ಹೇಳಬಹುದು: ಇಲ್ಲಿ ರೂಪ ಯಂತ್ರದೊಳಗಿಂದ ಹುಟ್ಟಿಲ್ಲ, ಮೇಲಿನಿಂದ ಹೊದಿಸಿದ್ದು, ಬದನೆಕಾಯಿಯ ಬದಲು ಹಾಗಲಕಾಯಿಯಾಗಿದ್ದರೂ ನಡೆಯುತ್ತಿತ್ತು. ಆದರೂ ಈ ಗಾಡಿಗಳಲ್ಲಿ ದೊಡ್ಡಸ್ತಿಕೆಯ ಸೋಗಿಲ್ಲ. ಮಕ್ಕಳು ನಕ್ಕರೆ ಅವುಗಳ ಜನ್ಮ ಸಾರ್ಥಕ. ಅಂಗಡಿಯಲ್ಲಿ ಮಾರುವ ಎಷ್ಟೋ ಗಾಡಿಗಳಿಗಿಂತ ಇವು ಪ್ರಾಮಾಣಿಕವಾಗಿವೆ.

ನಮ್ಮವರೇ ಮಾಡಿ, ನಮ್ಮವರೇ ನಕ್ಕ ಕಾರುಗಳ ಕಥೆ ಬೇರೆ. 1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಕಾರ್ಖಾನೆಯಿಂದ ‘ಬಾದಲ್’ ಎಂಬ ಮೂರು ಚಕ್ರದ ಕಾರು ಹೊರಬಂತು. ಫೈಬರ್ ಗ್ಲಾಸಿನ ಮೈ, ಹಿಂಬದಿಯಲ್ಲಿ ಪುಟ್ಟ ಇಂಜಿನು. ಅದೇ ಬಳಗದ ‘ಡಾಲ್ಫಿನ್’ 1982ರಲ್ಲಿ ಬಂತು. ಬ್ರಿಟನ್ನಿನ ರಿಲಯಂಟ್ ಕಿಟನ್ನಿನ ಪಡಿಯಚ್ಚು, ಎರಡೇ ಬಾಗಿಲು. ಹಗುರಾಗಿದ್ದುದರಿಂದ ರ‍್ಯಾಲಿಗಳಲ್ಲಿ ಹೆಸರು ಮಾಡಿತಾದರೂ 1983ರ ಕೊನೆಗೆ ಬಂದ ಮಾರುತಿಯ ಮುಂದೆ ನಿಲ್ಲಲಾಗಲಿಲ್ಲ. 2001ರಲ್ಲಿ ಅದೇ ಬೆಂಗಳೂರು ‘ರೇವಾ’ ವಿದ್ಯುತ್ ಕಾರನ್ನು ಕೊಟ್ಟಿತು. ಲಂಡನ್ನಿನ ಬೀದಿಗಳವರೆಗೂ ಹೋಗಿ ಅಲ್ಲಿಯೂ ನಗೆಪಾಟಲಾಯಿತು. ಇವು ಸುಂದರವಾಗಿದ್ದವೆಂದು ವಾದಿಸಿದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎಂದಾರು. ದೋಷಗಳಿದ್ದವು, ಕೊಳ್ಳುವವರು ಕಡಿಮೆಯಾದದ್ದಕ್ಕೆ ಕಾರಣಗಳೂ ಇದ್ದವು. ಆದರೆ ಕಡಿಮೆ ಜಾಗ, ಕಡಿಮೆ ಇಂಧನ, ಸಾಮಾನ್ಯನ ಕೈಗೆಟುಕುವ ವಾಹನ ಎಂಬ ಸರಿಯಾದ ಪ್ರಶ್ನೆಯನ್ನು ಎತ್ತಿಕೊಂಡವು ಇವೇ. ರೇವಾಕ್ಕೆ ನಕ್ಕ ಜಗತ್ತು ಇಂದು ವಿದ್ಯುತ್ ಕಾರಿಗೆ ಸಾಲು ನಿಂತಿದೆ. ಮೊದಲ ಪ್ರಯತ್ನ ಒಡ್ಡಾಗಿರುವುದು ಸಹಜ. ಒಡ್ಡುತನವನ್ನು ಕುರೂಪವೆಂದು ತಳ್ಳಿಹಾಕಿದರೆ ಎರಡನೆಯ ಪ್ರಯತ್ನ ಹುಟ್ಟುವುದೇ ಇಲ್ಲ.

ಕೆಲವು ಕುರೂಪಕ್ಕೆ ಕಾರಣ ಕಲೆಗಾರನಲ್ಲ, ಕಂದಾಯ! 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರು ಮೀರದ ಸಣ್ಣ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದರು. ಅದಾದಮೇಲೆ ಡಿಕ್ಕಿಯನ್ನು ಬಾಲ ಕತ್ತರಿಸಿದಂತೆ ಮೋಟು ಮಾಡಿದ ಕಾರುಗಳು ಹುಟ್ಟಿಕೊಂಡವು. ರಸಿಕರು ಇವನ್ನು ಜರೆಯುತ್ತಾರೆ, ಸಂಸಾರಸ್ಥರು ಕೊಳ್ಳುತ್ತಾರೆ. ಬೀದಿಯಲ್ಲಿ ಅರ್ಧ ಮಾರು ಜಾಗ ಉಳಿದದ್ದಂತೂ ಲಾಭ.

ಕೊನೆಯದಾಗಿ ‘ಕ್ಲಾಸಿಕ್’. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಈಗ ಆ ಪಟ್ಟ ಏರಿದೆ. ಒಂದು ಕಾಲಕ್ಕೆ ಅದನ್ನು ಡಬ್ಬವೆಂದವರೇ ಇಂದು ಕಣ್ಣೀರು ತುಂಬಿಕೊಳ್ಳುತ್ತಾರೆ. ಅದರ ನಿಜವಾದ ಗುಣವೆಂದರೆ ಸೀರೆಯುಟ್ಟ ಹೆಂಗಸರೂ ಮಂಡಿನೋವಿನ ಮುದುಕರೂ ಸಲೀಸಾಗಿ ಹತ್ತಿ ಇಳಿಯಬಹುದಾಗಿದ್ದುದು. 2021ರ ಕೇಂದ್ರ ನಿಯಮಗಳ ಪ್ರಕಾರ 50 ವರ್ಷ ಮೀರಿ ಮೂಲರೂಪದಲ್ಲಿ ಉಳಿದ ವಾಹನ ‘ವಿಂಟೇಜ್’ ಎಂದು ನೋಂದಣಿಯಾಗಬಹುದು. ಆದರೆ ಆ ನಿಯಮ ಹೇಳುವುದು ಎರಡು ಮತ್ತು ನಾಲ್ಕು ಚಕ್ರಗಳ ಮಾತು. ಮೂರು ಚಕ್ರದ ಬಾದಲ್‌ಗೆ ಅಲ್ಲಿಯೂ ಎಡೆಯಿಲ್ಲ!

ಅರಸರ ಗಾಡಿಗಳಿಗೆ ಅರಮನೆಯ ಆಸರೆಯಿದೆ; ಸಾಮಾನ್ಯರ ಗಾಡಿ ಗುಜರಿಗೆ ಹೋಗುತ್ತದೆ. ಮುಂದಿನವರು ನಮ್ಮ ಕಾಲವನ್ನು ಅರಿಯಬೇಕಾದರೆ ಎರಡೂ ಉಳಿಯಬೇಕು. ನಮ್ಮ ವಾಚಕರಲ್ಲಿ ಯಾರ ಮನೆಯ ಹಿತ್ತಿಲಿನಲ್ಲಾದರೂ ತಾಡಪಾಲಿನಡಿ ಒಂದು ಬಾದಲ್ ಅಥವಾ ಡಾಲ್ಫಿನ್ ಮಲಗಿದ್ದರೆ, ತೂಕಕ್ಕೆ ಹಾಕುವ ಮುನ್ನ ಒಮ್ಮೆ ಯೋಚಿಸಬೇಕೆಂದು ವಿನಂತಿ.